ಎರಡು ಸಲ ಕಾಯಿಸಿದ ಹನಿ

ಇಲ್ಲಿ ನಿಂತು ಮಾತಾಡುವ ಅರ್ಹತೆ ನನಗಿದೆಯೇ ಎಂದು ಮೂರು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಯುವಜನರ ಭಾನುವಾರದ ಪ್ರಸಂಗ ನಿನ್ನದು ಎಂದು ನಮ್ಮ ಚರ್ಚಿನ ಅಯ್ಯನವರು ಹೇಳಿದಾಗ ಒಲ್ಲೆ ಎನ್ನಲೂ ಬಾಯಿ ಬರಲಿಲ್ಲ. ಅದಕ್ಕೇ ಒಂದು ದೃಷ್ಟಾಂತ ಹೇಳುತ್ತೇನೆ.

ಚಿನ್ನದ ಗಣಿಯಿದ್ದ ಒಂದೂರಲ್ಲಿ ಒಬ್ಬ ಧಣಿ ಇದ್ದ. ಗಣಿಯ ತಳದಲ್ಲಿ ಬಂಡೆ ಸಡಿಲ. ಕೆಳಗೆ ಚಿನ್ನ ಖಾತ್ರಿಯಾದರೆ ಮಾತ್ರ ಜನರನ್ನು ಇಳಿಸುತ್ತೇನೆ, ಇಲ್ಲದಿದ್ದರೆ ಮುಚ್ಚುತ್ತೇನೆ ಎಂದ. ತಳದ ಬೆಣಚುಕಲ್ಲಿನ ಒಂದು ಚೂರನ್ನು ಪ್ರಯೋಗಾಲಯದ ಹುಡುಗಿಗೆ ಕೊಟ್ಟ.

ನೋಡಿ, ಚಿನ್ನವನ್ನು ಹೊತ್ತು ತರುವುದು ಭೂಮಿಯೊಳಗಿನ ಬಿಸಿನೀರು. ಕಲ್ಲು ಬೆಳೆಯುವಾಗ ಆ ನೀರಿನ ಹನಿ ಒಳಗೇ ಸಿಕ್ಕಿಕೊಳ್ಳುತ್ತದೆ. ತಣ್ಣಗಾದಾಗ ಹನಿಯಲ್ಲೊಂದು ಗುಳ್ಳೆ ಮೂಡುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಮೆಲ್ಲಗೆ ಕಾಯಿಸಬೇಕು. ಗುಳ್ಳೆ ಯಾವ ಶಾಖಕ್ಕೆ ಮಾಯವಾಗುತ್ತದೋ, ಆ ನೀರು ಅಂದು ಕನಿಷ್ಠ ಅಷ್ಟು ಕಾದಿತ್ತು. ಆ ಗಣಿಯಲ್ಲಿ ಮುನ್ನೂರು ಡಿಗ್ರಿಯ ನೀರು ಚಿನ್ನ ತಂದಿತ್ತು. ತಣ್ಣನೆಯದು ಬರಿಗೈಯಲ್ಲಿ ಬಂದಿತ್ತು.

ಹುಡುಗಿ ಕಾಯಿಸಿದಳು. ಒಂದು ಗಳಿಗೆ ಕಣ್ಣು ಬೇರೆಡೆ ಹೋಯಿತು. ತಿರುಗಿ ನೋಡಿದರೆ ಗುಳ್ಳೆಯಿಲ್ಲ, ಶಾಖ ಎಲ್ಲಿಗೋ ಏರಿಹೋಗಿದೆ. ಹಾಗೆ ಮಿತಿಮೀರಿ ಕಾದರೆ ಹನಿ ಕೂತಿರುವ ಕಲ್ಲಿನ ಗೂಡು ಹಿಗ್ಗುತ್ತದೆ. ಮತ್ತೆ ಕಾಯಿಸಿದರೆ ಇಲ್ಲದ ಶಾಖವನ್ನು ಇತ್ತು ಎನ್ನುತ್ತದೆ. ಅದನ್ನು ಬಿಸಾಡಬೇಕು. ಬೇರೆ ಚೂರಿರಲಿಲ್ಲ. ಅವಳು ತಣಿಸಿದಳು, ಮತ್ತೆ ಕಾಯಿಸಿದಳು, ಮುನ್ನೂರ ಹತ್ತು ಎಂದು ಬರೆದಳು.

“ಖರೆ ಐತೇನವ್ವಾ? ಹಂಗಾದ್ರ ಮಂದಿ ಇಳಸ್ತೀನಿ” ಎಂದ ಧಣಿ.

ಅವಳು ತಲೆಯಾಡಿಸಿದಳು. ಸುಳ್ಳು ಹೇಳಲು ಬಾಯಿ ಬೇಕೇ? ಬೇಡ. ಕುತ್ತಿಗೆ ಸಾಕು.

ನಾವೆಲ್ಲ ಹೀಗೆ ಎಷ್ಟು ಸಲ ತಲೆಯಾಡಿಸಿದ್ದೇವೆ? ಗಣಿಯ ಹಗ್ಗ ನೋಡುವ ಅಣ್ಣಂದಿರೇ, ನೋಡದೆ ಸಹಿ ಹಾಕಬೇಡಿ. ಆಸ್ಪತ್ರೆಯಲ್ಲಿ ಜ್ವರ ನೋಡುವ ಅಕ್ಕಂದಿರೇ, ಅಂದಾಜಿಗೆ ಬರೆಯಬೇಡಿ. ಕೆಟ್ಟದ್ದನ್ನು ಕೆಟ್ಟಿತು ಎನ್ನಿ. ಅದೇ ದಿನ ಎನ್ನಿ. ಮರುದಿನ ನಾಲಿಗೆ ಇನ್ನೂ ಭಾರವಾಗುತ್ತದೆ, ನನಗೆ ಗೊತ್ತು.

ಏನಂದಿರಿ, ಜೀವರತ್ನತ್ತೀ? “ಮುಂದೇನಾತು, ಮಂದಿ ಇಳದ್ರೇನು” ಅಂತಲೇ?

ಇನ್ನೂ ಇಳಿದಿಲ್ಲ. ನಾಳೆ ಬೆಳಗಿನ ಪಾಳಿಗೆ ಇಳಿಯುತ್ತಾರೆ.

ಅತ್ತೀ, ಮಾವನ್ನ ನಾಳೆ ಕಳಸಬ್ಯಾಡ್ರಿ. ಆ ಅಂಕಿ ಬರದಾಕಿ ನಾನು.