ಓದಿ ಹೇಳುವವಳು

“ಸಾಕು ಬಿಡಮ್ಮ! ನೆನಪಿನ ಪರೀಕ್ಷೇಲಿ ಮೂವತ್ತಕ್ಕೆ ಮೂವತ್ತು ಬಂದಿದೆ, ಡಾಕ್ಟರೇ ಬೆನ್ನು ತಟ್ಟಿ ಕಳಿಸಿದ್ರಲ್ಲ! ಇನ್ನೂ ಮರೆವು ಮರೆವು ಅಂತ ಯಾಕೆ ನನ್ನ ತಲೆ ತಿಂತೀಯ?” ಮಗಳು ಒದ್ದೆ ಕೊಡೆಯನ್ನು ಮೂಲೆಗೆ ಎಸೆದಳು.

ಹೊರಗೆ ಸಂಜೆಯ ಮಳೆ ರಪರಪ ಹೊಡೆಯುತ್ತಿತ್ತು. ಅಳಿಯ ಟೀವಿ ಆರಿಸಿ ಅತ್ತೆಗೆ ಕುರ್ಚಿ ಎಳೆದುಕೊಟ್ಟ.

“ಡಾಕ್ಟರು ಕೇಳಿದ್ದು ನನ್ನನ್ನ. ಉತ್ತರ ಕೊಟ್ಟಿದ್ದು ನಾನಲ್ಲ,” ಎಂದಳು ಮುದುಕಿ. “ಬಾಯಿ ಮುಚ್ಕೊಂಡು ಕೇಳಿ ಇಬ್ರೂ... ಪ್ರೆಸ್ಸಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದೆನಲ್ಲ, ಒಬ್ಬಳೇ ತಿದ್ದಿದೆ ಅಂದ್ಕೊಂಡ್ರಾ? ಆ ಕೆಲಸಕ್ಕೆ ಇಬ್ರು ಬೇಕು ಕಣ್ರಪ್ಪ. ಒಬ್ಬಳು ಹಸ್ತಪ್ರತಿ ಹಿಡ್ಕೊಂಡು ಜೋರಾಗಿ ಓದ್ಬೇಕು, ಇನ್ನೊಬ್ಬಳು ಅಚ್ಚಾದ ಹಾಳೆ ಮೇಲೆ ಬೆರಳಿಟ್ಟು ನೋಡ್ಬೇಕು. ನನಗೆ ಓದ್ತಿದ್ದೋಳದು ಗೊಗ್ಗರು ದನಿ... ಅಲ್ಪವಿರಾಮ, ಪೂರ್ಣವಿರಾಮ ಎಲ್ಲಾನೂ ಬಾಯಿಬಿಟ್ಟು ಓದೋಳು. ಅವಳು ಸತ್ತು ಹದಿನೆಂಟು ವರ್ಷ ಆಯ್ತು. ಹೋದ ವರ್ಷ ನನಗೆ ಹಾಲಿನವನ ಹೆಸರು ಹೋಯ್ತು, ಆಮೇಲೆ ನಮ್ಮ ಬೀದೀನೇ ಹೋಯ್ತು... ಹೇಳ್ಕೊಂಡೆ, ನೀವು ನಕ್ರಿ. ಆಗ ಬಂದ್ಲು ನೋಡಿ, ಎಡಗಿವಿ ಪಕ್ಕಕ್ಕೆ. ‘ಇವತ್ತು ಮಂಗಳವಾರ, ಪೂರ್ಣವಿರಾಮ’ ಅಂದ್ಲು, ನಾನೂ ಮಂಗಳವಾರ ಅಂದೆ. ಡಾಕ್ಟರ ಮುಂದೆ ಮೂವತ್ತನ್ನೂ ಅವಳು ಓದಿದ್ದು, ನಾನು ಒಪ್ಪಿಸಿದ್ದು. ಈಗ ಈ ಕತೆ ಹೇಳ್ತಿದೀನಲ್ಲ... ಇದನ್ನ ಯಾರು ಓದ್ತಿದಾರೆ ಅಂದ್ಕೊಂಡ್ರಿ?”

ಅಳಿಯ ನಗಲು ಬಾಯಿ ತೆರೆದ. ನಗು ಬರಲಿಲ್ಲ.

“ಬರೀ ಬೊಗಳೆ! ಹಾಗಾದ್ರೆ ನಾನು ಯಾರು, ಹೇಳು.” ಮಗಳು ಎದುರಿಗೆ ಬಂದು ನಿಂತಳು. “ಯಾರನ್ನೂ ಕೇಳ್ಕೊಳ್ದೆ ನೀನೇ ಹೇಳು.”

ಮುದುಕಿ ಆ ಮುಖವನ್ನು, ಪ್ರೆಸ್ಸಿಗೆ ಹೊಸದಾಗಿ ಸೇರಿದವಳನ್ನು ನೋಡುವಂತೆ, ಅಡಿಯಿಂದ ಮುಡಿಯವರೆಗೆ ನೋಡಿದಳು. ತಲೆ ಮೆಲ್ಲಗೆ ಎಡಕ್ಕೆ ವಾಲಿತು.

“ಇರು... ನೀರು ಕುಡೀತಿದಾಳೆ. ಬಹಳ ಹೊತ್ತು ಓದಿದ್ರೆ ಗಂಟಲು ಒಣಗುತ್ತೆ.”

ಬರಿಗೋಡೆಯ ಕಡೆಯಿಂದ ಗಟಗಟ ನೀರು ಕುಡಿಯುವ ಸದ್ದು ಬಂತು. ಮಗಳು ಗಂಡನ ಕಡೆ ನೋಡಿದಳು. ಅವನಿಗೂ ಕೇಳಿಸಿತ್ತು, ಅವನೂ ಗೋಡೆಯನ್ನೇ ನೋಡುತ್ತಿದ್ದ.

“ಅಮ್ಮಾ, ನಂಬಿದೆ ಕಣೆ... ನಂಬಿದೆ!” ಮಗಳು ಕೈ ಹಿಡಿಯಲು ಹೋದಳು.

“ಮಗಳು,” ಎಂದಳು ಮುದುಕಿ. ದನಿ ಗೊಗ್ಗರಾಗಿತ್ತು. “ಪೂರ್ಣವಿರಾಮ.”

ಆಮೇಲೆ ತನ್ನದೇ ದನಿಯಲ್ಲಿ, “ಕೊನೇ ಪುಟ ಮುಗೀತಂತೆ. ನಮಗಿಬ್ರಿಗೂ ಹೊತ್ತಾಯ್ತು, ಬರ್ತೀವಿ ತಾಯಿ,” ಎಂದು ಯಾರೋ ಗುರುತಿಲ್ಲದವರಿಗೆ ಹೇಳುವಂತೆ ಹೇಳಿ ಮಳೆಗಿಳಿದಳು. ಮಗಳು ಬರಿಗಾಲಲ್ಲೇ ಹಿಂದೆ ಓಡಿದಳು. ಬೀದಿ ಈ ತುದಿಯಿಂದ ಆ ತುದಿಯವರೆಗೂ ಖಾಲಿ. ಹಾಗೆ ಹೋದವಳು ಇವತ್ತಿಗೂ ಬಂದಿಲ್ಲ.