ತಿಮ್ಮಪ್ಪ ತೋಡಿಸಿದ ಮರಳುಗುಂಡಿ

ಮೂಡಿಗೆರೆಯ ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದ ತನುಜಾಳ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಒಬ್ಬರು ವಯಸ್ಸಾದ ಪ್ಲಾಂಟರ್ ಏಕಾಂತಪ್ಪ. ಇನ್ನೊಬ್ಬ ಗಾಲ್ಫ್ ಕ್ಲಬ್ಬಿನ ಹೊಸ ಕಾರ್ಯದರ್ಶಿ ರಾಜೀವ್.

“ದಿಬ್ಬದ ಹಿಂದಿನ ಮರಳುಗುಂಡಿ ಮುಚ್ಚಿಸ್ತಾ ಇದೀವಿ, ಏಕಾಂತಪ್ಪನವ್ರೆ. ಹೊಡೆಯೋರಿಗೆ ಅದು ಕಾಣೋದೇ ಇಲ್ಲ. ಚೆಂಡೆಲ್ಲ ಅದ್ರಲ್ಲೇ ಬೀಳುತ್ತೆ ಅಂತ ಎಲ್ರಿಗೂ ಸಿಟ್ಟು.”

“ಕಾಣಬಾರ್ದು ಅಂತ್ಲೇ ನನ್ನ ಗೆಳೆಯ ತಿಮ್ಮಪ್ಪ ಕ್ಲಬ್ ನಡೆಸ್ತಿದ್ದಾಗ ಅಲ್ಲಿ ತೋಡಿಸಿದ್ದು ಮಾರಾಯ. ನನ್ನ ಚೆಂಡು ಬೀಳ್ಲಿ ಅಂತ.”

“ಬೀಳ್ತಿತ್ತಾ?”

“ಪ್ರತಿ ಭಾನುವಾರ. ನಾನು ಬಾಯಿಗೆ ಬಂದಂಗೆ ಬೈಯೋದು, ಅವನು ದಿಬ್ಬದ ಮೇಲೆ ನಿಂತು ನಗೋದು.”

“ಅವ್ರು ತೀರ್ಕೊಂಡ ಮೇಲೆ ಯಾರ ಜೊತೆ ಆಡ್ತೀರಿ?”

“ಒಬ್ನೇ. ಈಗ್ಲೂ ಅಲ್ಲೇ ಬೀಳುತ್ತೆ. ಗುಂಡಿಗಿಳಿದು ಅವನಿಗೆ ಚೆನ್ನಾಗಿ ಬೈದು ಮನೆಗೆ ಹೋಗ್ತೀನಿ. ವಾರದಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡೋದು ಅಷ್ಟೇ.”

ತನುಜಾ ಹಲ್ಲುನೋವು ಮರೆತು, ತಲೆ ತಗ್ಗಿಸಿ ಕೂತಳು.

ಒಳಗಿನಿಂದ ಏಕಾಂತಪ್ಪನವರ ಹೆಸರು ಕರೆದರು. ರಾಜೀವ್ ಅವರ ಕೈ ಹಿಡಿದು ಎಬ್ಬಿಸಿದ.

“ಮುಚ್ಚಲ್ಲ ಬಿಡಿ. ಈ ಭಾನುವಾರ ನಾನೂ ಬರ್ಲಾ?”

“ಬಾ. ಗುಂಡಿ ಹತ್ರ ಮಾತ್ರ ಸ್ವಲ್ಪ ದೂರ ನಿಂತ್ಕೋ.”

ಇಬ್ಬರೂ ಒಳಗೆ ಹೋದರು.