ಟಾಕಿಯ ಹಿಂದೆ

ರಾಮದುರ್ಗದ ಬಸ್ ನಿಲ್ದಾಣದಲ್ಲಿ ಶಟ್ಟೆಪ್ಪ ರಿಪೇರಿ ಮಾಡಿಸಿದ ಹೊಲಿಗೆ ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ಸಾಲಹಳ್ಳಿ ಬಸ್ಸಿಗೆ ಕಾಯುತ್ತಿದ್ದ. ಪಕ್ಕದ ಕಲ್ಲಿನ ಮೇಲೆ ಕಾಲೇಜು ಮಾಸ್ತರನಂಥ ಒಬ್ಬ ಗಂಡಸು, ಅವನ ಸೋದರತ್ತೆ. ಬೇಡವೆಂದರೂ ಮಾತು ಕಿವಿಗೆ ಬೀಳುತ್ತಿತ್ತು.

“ನಾಳೆ ದಿಲ್ಲಿಯವರು ಊರಾಗಿನ ಟಾಕಿ ನೋಡಾಕ ಬರತಾರ ಅಂದೆಲ್ಲ ಅಪ್ಪು, ಅದಕ್ಕ ಹೇಳಾಕತ್ತೇನಿ. ಮೋಟರ್ ತಾನ ಚಾಲೂ ಆಗಲಿ ಅಂತ ನೀರಿನ ಟಾಕಿಗೆ ನೀ ಕೂಡಿಸಿದ ಡಬ್ಬಿ ಎಂಟ ದಿನಕ್ಕ ಕೆಟ್ಟಿತ್ತು.”

“ಮತ್ತ ಬ್ಯಾಸಗಿ ತುಂಬ ಮೋಟರ್ ಚಾಲೂ ಮಾಡಿದವರು ಯಾರು?”

“ನಾನ. ಟಾಕಿ ಹಿಂದ ಕುಂತು, ನೀರು ಇಳದ ಕೂಡಲೇ ಬಟನ್ ಒತ್ತತಿದ್ನಿ.”

“ನನಗ್ಯಾಕ ಹೇಳಲಿಲ್ಲ, ಅತ್ತಿ?”

“ನಿಮ್ಮ ದೊಡ್ಡ ಸರ್ ನೋಡಿ ಭೇಷ್ ಅಂದ್ರು. ಅವರ ಮುಂದ ನಿನ್ನ ಮಾನಾ ಹೋಗಬಾರದಂತ ಬಾಯಿ ಮುಚಗೊಂಡ್ನಿ.”

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

“ಆ ಡಬ್ಬಿ ಮ್ಯಾಲೇ ನನಗ ಪಿಎಚ್‌ಡಿ ಕೊಟ್ಟಾರ. ಮನುಷ್ಯಾರು ಬ್ಯಾಡ, ಎಲ್ಲಾ ತಾನ ನಡಿತೈತಿ ಅಂತ ಬರದೇನಿ. ಕಂಟ್ರೋಲ್ ಸಿಸ್ಟಮ್ ಅಂತ ಹುಡುಗರಿಗೂ ಅದನ್ನ ಕಲಸತೇನಿ.”

“ಕಲಸು. ಟಾಕಿಯಂತೂ ಒಂದಿನಾನೂ ಖಾಲಿ ಆಗಲಿಲ್ಲ.”

ಸಾಲಹಳ್ಳಿ ಬಸ್ಸು ಬಂದು ನಿಂತಿತು. ಮುದುಕಿ ಕೈಚೀಲ ಎತ್ತಿಕೊಂಡಳು.

“ನಾಳೆ ನಾ ಏನ ಮಾಡ್ಲಿ, ಹೇಳು.”

ಅವನು ಸುತ್ತ ನೋಡಿದ. ಶಟ್ಟೆಪ್ಪ ಮಷೀನಿನ ಗಾಲಿ ತಿರುವುತ್ತ ಕೇಳದವನಂತೆ ಕೂತ.

“ಟಾಕಿ ಹಿಂದ ಕುಂದರು, ಅತ್ತಿ. ನಾಳೆ ಒಂದಿನ ಅಷ್ಟ,” ಎಂದ ಅವನು, ನೆಲ ನೋಡುತ್ತ.

ಇಬ್ಬರೂ ಬಸ್ಸು ಹತ್ತಿದರು. ಶಟ್ಟೆಪ್ಪನಿಗೂ ಅದೇ ಬಸ್ಸಾಗಬೇಕಿತ್ತು. ಅವರೆದುರು ಕೂರುವುದು ಬೇಡ, ಮುಂದಿನದಕ್ಕೆ ಹೋದರಾಯಿತೆಂದು ಅವನು ಕೂತೇ ಇದ್ದ.